ಅಕಾಡೆಮಿಯೋ, ಶಾಲೆಯ ತಂಡವೋ? ಕಾಲೇಜು ಫುಟ್‌ಬಾಲ್‌ಗೆ ದಾರಿ ಯಾವುದು?



ಹೋದ ತಿಂಗಳ ಫೋನ್-ಇನ್ ಕಾರ್ಯಕ್ರಮ ಮುಗಿಸಿ, ಸ್ಟುಡಿಯೋದಿಂದ ಹೊರಗೆ ಬಂದು ಕಾಫಿ ಲೋಟ ಕೈಗೆ ತೆಗೆದುಕೊಂಡಿದ್ದೆವಷ್ಟೇ. ಅಂಬತ್ತೂರಿನಿಂದ ಒಬ್ಬ ತಾಯಿಯ ಕರೆ ಬಂತು. ದಾವಣಗೆರೆ ಕಡೆಯವರು. ಯಜಮಾನರಿಗೆ ವರ್ಗವಾಗಿ ಚೆನ್ನೈಗೆ ಬಂದು ಇದು ಎರಡನೇ ವರ್ಷ. ಮಗ ಒಂಬತ್ತನೇ ಕ್ಲಾಸು, ಪುಸ್ತಕಕ್ಕಿಂತ ಚೆಂಡಿನ ಮೇಲೇ ಜೀವ. "ಮೇಡಂ, ಒಂದು ಫುಟ್‌ಬಾಲ್ ಅಕಾಡೆಮಿಯವರು ಇಡೀ ವರ್ಷದ ಫೀಸು ಒಟ್ಟಿಗೆ ಕಟ್ಟಿ, ಮುಂದೆ ಸ್ಪೋರ್ಟ್ಸ್ ಕೋಟಾದಲ್ಲಿ ಕಾಲೇಜು ಸೀಟು ಗ್ಯಾರಂಟಿ ಅಂತಿದ್ದಾರೆ. ಆದರೆ ಸ್ಕೂಲ್ ಟೀಮ್ ಬಿಡಬೇಕಂತೆ. ಕಟ್ಟೋದಾ, ಬೇಡವಾ?" ಎಂದು ಕೇಳಿದರು.

ಆವತ್ತು ಎರಡು ಮಾತಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಇಂಥದೇ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಇರಬಹುದು ಅನ್ನಿಸಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ಆ 'ಗ್ಯಾರಂಟಿ' ವಿಷಯ. ಕಾಲೇಜು ಸೀಟಿಗೆ ಗ್ಯಾರಂಟಿ ಕೊಡುವ ಅಧಿಕಾರ ಯಾವ ಅಕಾಡೆಮಿಗೂ ಇಲ್ಲ. ಅಕಾಡೆಮಿ ಆಟ ಕಲಿಸಬಹುದು, ಚೆನ್ನಾಗಿಯೇ ಕಲಿಸಬಹುದು. ಆದರೆ ಸೀಟು ಕೊಡಿಸುವುದು ಎರಡು ಸಂಗತಿ: ಕಾಲೇಜಿನ ಮೈದಾನದಲ್ಲಿ ನಡೆಯುವ ಟ್ರಯಲ್ಸ್, ಮತ್ತು ಮಗನ ಫೈಲಿನಲ್ಲಿರುವ ಸರ್ಟಿಫಿಕೇಟು. ಆ ಸರ್ಟಿಫಿಕೇಟು ಬರುವುದು ಶಾಲೆಯಿಂದ, ಇಲ್ಲವೇ ಜಿಲ್ಲಾ ಮತ್ತು ರಾಜ್ಯ ಫುಟ್‌ಬಾಲ್ ಸಂಸ್ಥೆಯಿಂದ. ಅಕಾಡೆಮಿಯ ಹೆಸರಿರುವ ಜೆರ್ಸಿಯಿಂದ ಅಲ್ಲ!

ಅಕಾಡೆಮಿ ಅಂದಾಗ ನಾವು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೇವೆ. ಚೆನ್ನೈನಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ಸಂಜೆ ಹೊತ್ತು ಟರ್ಫ್ ಮೈದಾನದಲ್ಲಿ ನಡೆಯುವ ಕೋಚಿಂಗ್. ಟರ್ಫನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯಬೇಕು, ಹಾಗಾಗಿ ನಾವು ಕಟ್ಟುವ ಫೀಸಿನಲ್ಲಿ ಒಂದು ಪಾಲು ಮೈದಾನಕ್ಕೇ ಹೋಗುತ್ತದೆ. ಎಂಟು-ಹತ್ತು ವರ್ಷದ ಮಕ್ಕಳಿಗೆ ಇದು ಬಹಳ ಒಳ್ಳೆಯದು, ಚೆಂಡಿನ ಹಿಡಿತ ಬರುವುದೇ ಆ ವಯಸ್ಸಿನಲ್ಲಿ. ಎರಡನೆಯದು ವೃತ್ತಿಪರ ಕ್ಲಬ್ಬುಗಳ ಕಿರಿಯರ ತಂಡಗಳು. 2014ರಲ್ಲಿ ಹುಟ್ಟಿ, 2015ರಲ್ಲೂ 2017-18ರಲ್ಲೂ ಐಎಸ್‌ಎಲ್ ಗೆದ್ದ ಚೆನ್ನೈಯಿನ್ ಎಫ್‌ಸಿಯಂಥವು. ಇಲ್ಲಿ ಫೀಸಿಗಿಂತ ಆಯ್ಕೆ ದೊಡ್ಡದು. ಮೂರನೆಯದು ವಸತಿ ಅಕಾಡೆಮಿ. ನಮ್ಮ ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಆವರಣದಲ್ಲಿ ಬೆಂಗಳೂರು ಎಫ್‌ಸಿ ನಡೆಸಿದ್ದು, ನವಿ ಮುಂಬೈನಲ್ಲಿ ರಿಲಯನ್ಸ್ ಫೌಂಡೇಶನ್‌ನವರು 2015ರಲ್ಲಿ ತೆರೆದದ್ದು ಈ ಜಾತಿಯವು. ಅಲ್ಲಿಗೆ ಹೋಗುವ ಹುಡುಗರ ಕಣ್ಣು ವೃತ್ತಿಪರ ಆಟದ ಮೇಲೆ. ಡಿಗ್ರಿ ಅವರಿಗೆ ಎರಡನೆಯ ಮಾತು.

ಇನ್ನು ಕಾಲೇಜಿನವರು ಹೇಗೆ ಆರಿಸುತ್ತಾರೆ ಅನ್ನುವುದನ್ನು ನೋಡೋಣ. ಲೊಯೊಲಾ, ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಂಥ ಕಲೆ-ವಿಜ್ಞಾನ ಕಾಲೇಜುಗಳಲ್ಲಿ ಫಿಸಿಕಲ್ ಡೈರೆಕ್ಟರ್ ಮಾತಿಗೆ ತೂಕ ಜಾಸ್ತಿ. ಪ್ಲಸ್ ಟು ಮುಗಿಯುವ ಹೊತ್ತಿಗೆ ಟ್ರಯಲ್ಸ್ ಕರೆಯುತ್ತಾರೆ, ಆಡಿಸಿ ನೋಡುತ್ತಾರೆ, ಜೊತೆಗೆ ಫೈಲು ತಿರುವಿ ಹಾಕುತ್ತಾರೆ. ಎಸ್‌ಆರ್‌ಎಂ, ಹಿಂದೂಸ್ತಾನ್‌ನಂಥ ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಒಳ್ಳೆಯ ಆಟಗಾರರಿಗೆ ಫೀಸಿನಲ್ಲಿ ರಿಯಾಯಿತಿಯೂ ಸಿಗುವುದುಂಟು. ಒಂದು ವ್ಯತ್ಯಾಸ ತಿಳಿದಿರಲಿ. ಡೀಮ್ಡ್ ವಿಶ್ವವಿದ್ಯಾಲಯದ ತಂಡ ನೇರವಾಗಿ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗುತ್ತದೆ. ಲೊಯೊಲಾದ ಹುಡುಗ ಅಲ್ಲಿಗೆ ಹೋಗಬೇಕಾದರೆ, ಎಷ್ಟೋ ಕಾಲೇಜುಗಳ ಹುಡುಗರ ನಡುವೆ ಗೆದ್ದು ಮದ್ರಾಸ್ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಬೇಕು. ಆ ಪಂದ್ಯಾವಳಿಗಳಲ್ಲಿ ಆಡಲು 17ರಿಂದ 25ರ ವಯಸ್ಸಿನ ಮಿತಿಯೂ ಇದೆ.

ಎಂಜಿನಿಯರಿಂಗ್ ಕಥೆಯೇ ಬೇರೆ. ಅಲ್ಲಿ ಚೆಂಡಿಗಿಂತ ಕಾಗದ ಹೆಚ್ಚು ಮಾತಾಡುತ್ತದೆ. ತಮಿಳುನಾಡಿನ ಎಂಜಿನಿಯರಿಂಗ್ ಪ್ರವೇಶ ವ್ಯವಸ್ಥೆಯಲ್ಲಿ ಕ್ರೀಡಾಪಟುಗಳಿಗೆ 500 ಸೀಟುಗಳಿವೆ, ಆದರೆ ಎಲ್ಲ ಆಟಗಳಿಗೂ ಸೇರಿಸಿ! ಹುಡುಗ ಯಾವ ಮಟ್ಟದಲ್ಲಿ ಆಡಿದ, ಯಾರನ್ನು ಪ್ರತಿನಿಧಿಸಿದ, ಪದಕ ಬಂತೇ ಎಂದು ನೋಡಿ ಅಂಕ ಹಾಕುತ್ತಾರೆ. ಅಖಿಲ ಭಾರತ ಶಾಲಾ ಕ್ರೀಡಾಕೂಟ, ರಾಜ್ಯ ಫುಟ್‌ಬಾಲ್ ಸಂಸ್ಥೆಯ ಮೂಲಕ ಹೋದ ಬಿ.ಸಿ. ರಾಯ್ ಟ್ರೋಫಿಯಂಥ ಜೂನಿಯರ್ ರಾಷ್ಟ್ರೀಯ ಪಂದ್ಯಾವಳಿ, ಇವಕ್ಕೆ ಬೆಲೆ. ಭಾನುವಾರದ ಆಹ್ವಾನ ಟೂರ್ನಿಯಲ್ಲಿ ಗೆದ್ದ ಆಳೆತ್ತರದ ಕಪ್ಪು ಶೋಕೇಸಿಗೆ ಚೆಂದ, ಅಷ್ಟೇ. ಐಐಟಿ ಮದ್ರಾಸ್ ಕೂಡ 2024-25ರಿಂದ ಕ್ರೀಡಾಪಟುಗಳಿಗೆ ಪ್ರತಿ ಕೋರ್ಸಿಗೆ ಎರಡು ಹೆಚ್ಚುವರಿ ಸೀಟು ಇಟ್ಟಿತು, ಅದರಲ್ಲಿ ಒಂದು ಹುಡುಗಿಯರಿಗೆ. ಫುಟ್‌ಬಾಲೂ ಆ ಪಟ್ಟಿಯಲ್ಲಿದೆ. ಆದರೆ ಜೆಇಇ ಅಡ್ವಾನ್ಸ್‌ಡ್ ಪಾಸಾಗಿರಲೇಬೇಕು, ರಾಷ್ಟ್ರೀಯ ಮಟ್ಟದ ಪದಕವೂ ಬೇಕು. ಎರಡೂ ಇರುವ ಮಗು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ನಮ್ಮ ಕಾರ್ಯಕ್ರಮಕ್ಕೆ ಕರೆದುಕೊಂಡು ಬನ್ನಿ!

ಈಗ ಅರ್ಥವಾಗಿರಬೇಕು, ಸ್ಕೂಲ್ ಟೀಮ್ ಬಿಡಿ ಅನ್ನುವ ಮಾತು ಎಷ್ಟು ದುಬಾರಿ ಎಂದು. ಶಾಲೆಯಿಂದ ಝೋನ್, ಝೋನ್‌ನಿಂದ ಜಿಲ್ಲೆ, ಜಿಲ್ಲೆಯಿಂದ ರಾಜ್ಯ, ಈ ಏಣಿಯ ಮೊದಲ ಮೆಟ್ಟಿಲೇ ಶಾಲೆಯ ತಂಡ. ಸಿಬಿಎಸ್‌ಇ ಮಕ್ಕಳಿಗೆ ಕ್ಲಸ್ಟರ್, ಆಮೇಲೆ ಸಿಬಿಎಸ್‌ಇ ರಾಷ್ಟ್ರೀಯ ಪಂದ್ಯ. ಅಖಿಲ ಭಾರತ ಶಾಲಾ ಕ್ರೀಡಾಕೂಟದಲ್ಲಿ ಸಿಬಿಎಸ್‌ಇಯದೇ ಒಂದು ತಂಡ ಇರುತ್ತದೆ. 1960ರಲ್ಲಿ ಶುರುವಾದ ಸುಬ್ರತೋ ಕಪ್ ಕೂಡ ಶಾಲೆಗಳ ಪಂದ್ಯಾವಳಿಯೇ.

ಇದೇ ಜಗಳ ಅಮೆರಿಕದಲ್ಲೂ ಆಗಿತ್ತು. ಅಲ್ಲಿನ ಫುಟ್‌ಬಾಲ್ ಫೆಡರೇಷನ್ 2007ರಲ್ಲಿ ಡೆವಲಪ್‌ಮೆಂಟ್ ಅಕಾಡೆಮಿ ಎಂಬ ಲೀಗ್ ತೆರೆದು, 2012ರಿಂದ ಅದರ ಹುಡುಗರು ಹೈಸ್ಕೂಲ್ ತಂಡದಲ್ಲಿ ಆಡಬಾರದು ಎಂದು ಕಟ್ಟುಮಾಡಿತು. ತಂದೆತಾಯಿಯರು ಗೊಣಗಿದರು, ಮಕ್ಕಳು ಅತ್ತರು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ದಿನಗಳಲ್ಲಿ, ಆ ಲೀಗನ್ನೇ ಮುಚ್ಚಲಾಯಿತು. ಆದರೂ ಅಲ್ಲಿ ಒಂದು ಲೆಕ್ಕವಿತ್ತು: ಕಾಲೇಜು ಕೋಚ್‌ಗಳು ಅಕಾಡೆಮಿ ಪಂದ್ಯಗಳಿಗೇ ಬಂದು ಕೂತು ಹುಡುಗರನ್ನು ಆರಿಸುತ್ತಿದ್ದರು. ಇಲ್ಲಿ ಹಾಗಲ್ಲ. ಕೋಚ್ ನಮ್ಮಲ್ಲಿಗೆ ಬರುವುದಿಲ್ಲ, ನಮ್ಮ ಫೈಲು ಅವರಲ್ಲಿಗೆ ಹೋಗಬೇಕು. ನ್ಯೂಜೆರ್ಸಿಯ ಅಣ್ಣನ ಮಗ ಅಕಾಡೆಮಿಯಿಂದ ಕಾಲೇಜಿಗೆ ಹೋದ ಎಂದು ಅಂಬತ್ತೂರಿನಲ್ಲಿ ಅದೇ ದಾರಿ ಹಿಡಿದರೆ ಆಗದು.

ಹಾಗಂತ ದುಡ್ಡಿಲ್ಲದೆ ಕಲಿಯಲು ಇಲ್ಲಿ ದಾರಿಯಿಲ್ಲವೇ? ಇದೆ. ಉತ್ತರ ಚೆನ್ನೈನ ವ್ಯಾಸರ್ಪಾಡಿಗೆ ಒಂದು ಸಂಜೆ ಹೋಗಿ ಬನ್ನಿ. ಅಲ್ಲಿನ ಕೊಳೆಗೇರಿ ಮಕ್ಕಳಿಗಾಗಿ 1997ರಲ್ಲಿ ಶುರುವಾದ ಸಂಸ್ಥೆಯೊಂದು ಫುಟ್‌ಬಾಲನ್ನೂ ಪಾಠವನ್ನೂ ಒಟ್ಟಿಗೆ ಹೇಳಿಕೊಡುತ್ತ ಬಂದಿದೆ. ಚೆನ್ನೈಯಿನ್ ಪರ ಮಿಡ್‌ಫೀಲ್ಡ್‌ನಲ್ಲಿ ಆಡಿದ ಧನಪಾಲ್ ಗಣೇಶ್ ಆ ಪ್ರದೇಶದ ಹುಡುಗನೇ. ಇನ್ನೊಂದು, ತಮಿಳುನಾಡು ಕ್ರೀಡಾ ಅಭಿವೃದ್ಧಿ ಪ್ರಾಧಿಕಾರದ ಕ್ರೀಡಾ ಹಾಸ್ಟೆಲುಗಳು. ಊಟ, ವಸತಿ, ಕೋಚಿಂಗ್ ಎಲ್ಲ ಉಚಿತ, ಶಾಲೆಯೂ ತಪ್ಪುವುದಿಲ್ಲ. ಬೇಸಿಗೆ ರಜೆಯ ಹೊತ್ತಿನಲ್ಲಿ ಆಯ್ಕೆ ನಡೆಯುತ್ತದೆ, ಪೇಪರ್ ನೋಡುತ್ತಿರಬೇಕು. ಹೆಣ್ಣುಮಕ್ಕಳ ತಂದೆತಾಯಿಯರೂ ಇದನ್ನು ಗಮನಿಸಿ. ತಮಿಳುನಾಡು ಮಹಿಳೆಯರು 2018ರಲ್ಲೂ 2023ರಲ್ಲೂ ರಾಷ್ಟ್ರೀಯ ಚಾಂಪಿಯನ್ನರಾದರು. ಭಾರತ ತಂಡದಲ್ಲಿ ಆಡಿದ ಕಡಲೂರಿನ ಇಂದುಮತಿ ಕದಿರೇಶನ್ ಇದೇ ಆಟದಿಂದ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಕೂಡ ಆದರು.

ಇನ್ನು ಕರ್ನಾಟಕದಿಂದ ಬಂದ ನಮ್ಮಂಥವರಿಗೆ ಮಾತ್ರ ಕಾಡುವ ಎರಡು ತೊಡಕು. ಎಂಜಿನಿಯರಿಂಗ್ ಪ್ರವೇಶಕ್ಕೆ ಎಂಟನೇ ಕ್ಲಾಸಿನಿಂದ ಹನ್ನೆರಡರವರೆಗೆ ತಮಿಳುನಾಡಿನಲ್ಲೇ ಓದಿದವರಿಗೆ ನೇಟಿವಿಟಿ ಸರ್ಟಿಫಿಕೇಟಿನ ಗೋಜಿಲ್ಲ. ಅಂಬತ್ತೂರಿನ ಹುಡುಗ ಎಂಟಕ್ಕೆ ಇಲ್ಲಿ ಸೇರಿದ್ದಾನೆ, ಸದ್ಯ ಬಚಾವ್! ಆದರೆ ಆಟದ ಆಸೆಗೆ ಹತ್ತನೇ ಕ್ಲಾಸಿಗೆ ಬೇರೆ ರಾಜ್ಯದ ವಸತಿ ಅಕಾಡೆಮಿಗೆ ಕಳಿಸಿದರೆ ಆ ಸರಪಳಿ ತುಂಡಾಗುತ್ತದೆ. ಆಮೇಲೆ ಇತ್ತ ಇಲ್ಲಿಯವರೂ ಅಲ್ಲ, ಅತ್ತ ಕರ್ನಾಟಕದ ಕೋಟಾಕ್ಕೂ ಸಲ್ಲುತ್ತೇವೋ ಇಲ್ಲವೋ ಎಂದು ಅಲೆಯಬೇಕು. ಎರಡನೆಯದು ಹೆಸರು. ಊರಿನಲ್ಲಿ ಮನೆತನದ ಹೆಸರು ಕೊನೆಗೆ ಬರುತ್ತದೆ, ಇಲ್ಲಿ ಅಪ್ಪನ ಇನಿಷಿಯಲ್. ಜನನ ಪತ್ರದಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ಪಂದ್ಯದ ಸರ್ಟಿಫಿಕೇಟಿನಲ್ಲಿ ಮತ್ತೊಂದು ಇದ್ದರೆ, ಕೌನ್ಸೆಲಿಂಗ್ ದಿನ ಮೇಜಿನ ಆಚೆ ಕೂತವರಿಗೆ ನಮ್ಮ ಮಗ ಮೂರು ಜನರಾಗಿ ಕಾಣುತ್ತಾನೆ. ಒಂಬತ್ತನೇ ಕ್ಲಾಸಿನಲ್ಲೇ ಸರಿಪಡಿಸಿಕೊಂಡುಬಿಡಿ.

ಕಾಲೇಜಿನಲ್ಲಿ ಆಡಿ ಏನು ಬಂತು ಎಂದು ಅಜ್ಜಂದಿರು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಚೆನ್ನೈ ಲೀಗಿನಲ್ಲಿ ಇಂಡಿಯನ್ ಬ್ಯಾಂಕ್, ಕಸ್ಟಮ್ಸ್, ಸದರ್ನ್ ರೈಲ್ವೆ, ಐಸಿಎಫ್, ಎಜಿ ಆಫೀಸು ತಂಡಗಳು ಆಡುತ್ತ ಬಂದವು, ಫುಟ್‌ಬಾಲಿನಿಂದ ಕೆಲಸ ಹಿಡಿದು ಇಲ್ಲೇ ಮನೆ ಕಟ್ಟಿದವರಿದ್ದಾರೆ. ಈಗ ಅಂಥ ನೇಮಕ ಕಡಿಮೆ. ಹಾಗಾಗಿ ಡಿಗ್ರಿಯನ್ನು ಡಿಗ್ರಿಗಾಗಿಯೇ ಓದಬೇಕು, ಆಟ ಅದರ ಫೀಸು ಇಳಿಸಿದರೆ ಲಾಭ ಎಂದು ನಮ್ಮ ಅಭಿಪ್ರಾಯ. ಅಂದಹಾಗೆ, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಎತ್ತಿದ ದಿನ ನಮ್ಮ ಸ್ಟುಡಿಯೋದಲ್ಲಿ ಎಷ್ಟು ಗಲಾಟೆ ಮಾಡಿದೆವೆಂದರೆ, ಪಕ್ಕದ ತಮಿಳು ವಿಭಾಗದವರು ಬಂದು ಏನಾಯಿತು ಎಂದು ಕೇಳಿದ್ದರು!

ಆ ತಾಯಿಗೆ ನಾವು ಹೇಳಿದ್ದು ಇಷ್ಟು: ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ, ತಿಂಗಳು ತಿಂಗಳು ಕಟ್ಟಿಸಿಕೊಳ್ಳುವ, ಶಾಲೆಯ ಪಂದ್ಯದ ದಿನ ರಜೆ ಕೊಡುವ ಕೋಚಿಂಗ್ ನೋಡಿ. ಹುಡುಗನ ಹೆಸರು ಜಿಲ್ಲಾ ಸಂಸ್ಥೆಯ ಆಯ್ಕೆಗೆ ಯಾರು ಕಳಿಸುತ್ತಾರೆ ಎಂದು ಬಾಯಿಬಿಟ್ಟು ಕೇಳಿ. ಅದಕ್ಕೂ ಮೊದಲು ಶಾಲೆಯ ಪಿ.ಟಿ. ಮೇಷ್ಟ್ರನ್ನು ಕಂಡು ಬನ್ನಿ.

ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಮೇಷ್ಟ್ರು ಹುಡುಗನ ಕಾಲು ನೋಡಿ, "ನಮ್ಮಲ್ಲಿ ಲೆಫ್ಟ್ ಬ್ಯಾಕ್ ಆಡೋರೇ ಇಲ್ಲಮ್ಮ, ನಾಳೆ ಬೆಳಿಗ್ಗೆ ಆರಕ್ಕೆ ಬೂಟು ಹಾಕಿಕೊಂಡು ಬರಲಿ" ಎಂದರಂತೆ.