ಗೋತ್ರವಿಚಾರವೂ ನಮ್ಮ ನಾಡಿನ ಗೋವಂಶವೂ

‘ಗೋತ್ರ’ ಶಬ್ದವು ಈಗ ಕುಲವಾಚಕವಾಗಿ ಮಾತ್ರ ಪ್ರಸಿದ್ಧವಾಗಿದ್ದರೂ ವೇದದಲ್ಲಿ ಅದಕ್ಕೆ ಗೋವುಗಳ ದೊಡ್ಡಿಯೆಂಬ ಅರ್ಥವುಂಟೆಂಬುದು ವಿದ್ವಾಂಸರಿಗೆ ವಿದಿತವಾದ ವಿಷಯವೇ. ದೊಡ್ಡಿಯ ಹೆಸರು ಮನುಷ್ಯಕುಲಕ್ಕೆ ಸಂದು, ಒಂದೇ ಗೋತ್ರದವರಲ್ಲಿ ವಿವಾಹವು ನಿಷಿದ್ಧವಾಯಿತು. ಆದರೆ ಗೋತ್ರವು ಪಿತೃಪರಂಪರೆಯೊಂದನ್ನೇ ನೋಡತಕ್ಕದ್ದು. ಸಾಪಿಂಡ್ಯವಾದರೋ ಉಭಯಕುಲಗಳನ್ನೂ ನೋಡುತ್ತದೆ. ಯಾಜ್ಞವಲ್ಕ್ಯಸ್ಮೃತಿಯು ತಾಯಿಯ ಕಡೆಯಲ್ಲಿ ಐದು, ತಂದೆಯ ಕಡೆಯಲ್ಲಿ ಏಳು ತಲೆಗಳವರೆಗೆ ಅದನ್ನು ಎಣಿಸುವುದು. ಮನುಷ್ಯರಲ್ಲಿ ನಡೆದ ಈ ಎಣಿಕೆಯು ದೊಡ್ಡಿಯೊಳಗಿನ ದನಗಳಿಗೂ ಅವಶ್ಯವೇ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಪ್ರತಿಯೊಂದು ಕರುವಿಗೂ ಅದರ ಗುಣಗಳನ್ನು ನಿಶ್ಚಯಿಸುವ ವಂಶವಾಹಿಗಳು ಜೋಡಿಜೋಡಿಯಾಗಿ ಬರುವುವು. ಒಂದು ತಾಯಿಯದು, ಮತ್ತೊಂದು ತಂದೆಯದು. ದೋಷವುಳ್ಳ ವಂಶವಾಹಿಯು ಒಂದೇ ಆಗಿದ್ದಲ್ಲಿ ಜೊತೆಯ ನಿರ್ದುಷ್ಟವಾದುದು ಸಾಮಾನ್ಯವಾಗಿ ಅದನ್ನು ಮುಚ್ಚಿಡುತ್ತದೆ. ತಂದೆತಾಯಿಗಳಿಬ್ಬರೂ ಒಬ್ಬ ಪೂರ್ವಜನ ಸಂತತಿಯಾಗಿದ್ದಲ್ಲಿ ಆ ಒಂದೇ ದೋಷವು ಎರಡು ಕಡೆಯಿಂದಲೂ ಬಂದು ಪ್ರಕಟವಾಗುವ ಸಂಭವವುಂಟು. ಇಂತಹ ನಿಕಟಸಂಕರವು ಬೆಳೆದಂತೆಲ್ಲ ಹಸುಗಳು ಗಬ್ಬವಾಗುವುದು ತಡವಾಗುವುದು, ಕರುಗಳು ಹೆಚ್ಚಾಗಿ ಸಾಯುವುವು, ಮೈಕಟ್ಟೂ ಹಾಲೂ ಕುಗ್ಗುವುವು. ಅಮೆರಿಕದ ಸೀವಾಲ್ ರೈಟ್ ಎಂಬ ಶಾಸ್ತ್ರಜ್ಞನು ೧೯೨೨ರಲ್ಲಿ ಇದನ್ನು ಅಳೆಯುವ ಗಣಿತವನ್ನು ತೋರಿಸಿಕೊಟ್ಟನು. ತಂದೆ ಬೇರೆ ಬೇರೆ ಸಂಬಂಧವಿಲ್ಲದ ಕುಲದವನಾದರೆ ಕರುವಿನ ಅಂಕವು ಸೊನ್ನೆ. ಹೋರಿಯು ತನ್ನ ಮಗಳನ್ನೇ ಕೂಡಿದರೆ ಹುಟ್ಟುವ ಕರುವಿನ ಅಂಕವು ನಾಲ್ಕನೆಯ ಒಂದು ಪಾಲು. ಒಂದೇ ಹೋರಿಗೆ ಬೇರೆ ಬೇರೆ ಹಸುಗಳಲ್ಲಿ ಹುಟ್ಟಿದವು ಕೂಡಿದರೆ ಎಂಟನೆಯ ಒಂದು ಪಾಲು.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕು. ದನಗಳ ಸಂಖ್ಯೆಯು ದೊಡ್ಡದಾದರೆ ತಳಿಯು ಕ್ಷೇಮವಾಗಿದೆಯೆಂದು ಜನರು ತಿಳಿಯುವರು. ಮಧುಗಿರಿ ತಾಲ್ಲೂಕಿನ ದೊಡ್ಡೇರಿಯಂತಹ ಊರಿನಲ್ಲಿ ನೂರು ಹಸುಗಳೂ ಎರಡೇ ಬೀಜದ ಹೋರಿಗಳೂ ಇರುವುವೆಂದು ಭಾವಿಸೋಣ. ಮುಂದಿನ ಪೀಳಿಗೆಯ ಅರ್ಧ ವಂಶವು ಈ ಎರಡು ಹೋರಿಗಳಿಂದಲೇ ಬರತಕ್ಕದ್ದು. ಗಣಿತದ ಪ್ರಕಾರ ಆ ಹಿಂಡಿನ ಸಾರ್ಥಕಸಂಖ್ಯೆಯು ನೂರೆರಡಲ್ಲ, ಸುಮಾರು ೮ ಮಾತ್ರ. ನಿಕಟಸಂಕರವು ಪೀಳಿಗೆಗೆ ಶೇಕಡಾ ೬ಕ್ಕಿಂತ ಹೆಚ್ಚು ಏರುವುದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಈ ಸಾರ್ಥಕಸಂಖ್ಯೆಯು ೫೦ಕ್ಕೆ ಕಡಮೆಯಾಗಬಾರದೆಂದು ಹೇಳುವುದು. ಅದೇ ನೂರು ಹಸುಗಳಿಗೆ ಪರಸ್ಪರ ಸಂಬಂಧವಿಲ್ಲದ ಹದಿನೈದು ಹೋರಿಗಳಿದ್ದಲ್ಲಿ ಈ ಮಿತಿಯು ದೊರೆಯುವುದು. ಆದುದರಿಂದ ತಳಿಯ ಬಲವನ್ನು ಹಸುಗಳ ಎಣಿಕೆಯಿಂದ ತಿಳಿಯದೆ ಹೋರಿಗಳ ಎಣಿಕೆಯಿಂದ ತಿಳಿಯತಕ್ಕದ್ದು.

ನಮ್ಮ ನಾಡಿನ ಚರಿತ್ರೆಯೇ ಇದಕ್ಕೆ ನಿದರ್ಶನವಾಗಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯೆನಿಸಿದ್ದ ಅರಮನೆಯ ಹಿಂಡಿಗೆ ಟಿಪ್ಪು ಸುಲ್ತಾನನು ‘ಅಮೃತ ಮಹಲ್’ ಎಂದು ಹೆಸರಿಟ್ಟನು. ಹಳ್ಳಿಕಾರ, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳು ಕೂಡಿ ಈ ತಳಿಯಾಯಿತು. ಹಾಗಲವಾಡಿಯು ತುಮಕೂರು ಸೀಮೆಯದೇ. ಬೇರೆ ಬೇರೆ ನೆಲದಲ್ಲಿ ಬೆಳೆದ ಕುಲಗಳು ಒಂದಾದುದು ಈ ಹಿಂಡಿನ ಮೂಲಧನವೆನ್ನಬಹುದು. ೧೮೬೦ರಲ್ಲಿ ಸರ್ಕಾರವು ಮಿತವ್ಯಯಕ್ಕಾಗಿ ಹಿಂಡನ್ನು ಮಾರಿಬಿಟ್ಟಿತು; ಬಳಿಕ ಸೈನ್ಯಕ್ಕೆ ತಕ್ಕ ಎತ್ತುಗಳು ದೊರೆಯದೆ ೧೮೬೬ರಲ್ಲಿ ಮತ್ತೆ ಕೂಡಿಸಲಾರಂಭಿಸಿತು. ಚದುರಿದ ಹಿಂಡಿನ ಸಂಖ್ಯೆಯನ್ನು ಕಾಲಕ್ರಮದಲ್ಲಿ ತುಂಬಬಹುದು. ಚದುರುವಾಗ ನಷ್ಟವಾದ ಕುಲಭೇದವನ್ನು ತುಂಬಲು ಯಾವ ಬೊಕ್ಕಸಕ್ಕೂ ಶಕ್ತಿಯಿಲ್ಲ.

ಹಳ್ಳಿಗಳಲ್ಲಿ ಕುಲಭೇದವನ್ನು ಕಾಯುವ ಏರ್ಪಾಡುಗಳು ಎರಡಿದ್ದುವು. ಧರ್ಮಶಾಸ್ತ್ರದಲ್ಲಿ ವಿಹಿತವಾದ ವೃಷೋತ್ಸರ್ಗದಂತೆಯೂ ದೇವರ ಹರಕೆಯಿಂದಲೂ ಬಿಟ್ಟ ಬಸವನು ಒಬ್ಬನ ಸ್ವತ್ತಾಗದೆ ಊರಿನ ಹಸುಗಳಿಗೆಲ್ಲ ಸಾಧಾರಣನಾಗಿದ್ದನು. ಕೊರಟಗೆರೆ ತಾಲ್ಲೂಕಿನ ಕ್ಯಾಮೇನಹಳ್ಳಿಯಲ್ಲಿ ನಡೆಯುವಂತಹ ದನಗಳ ಜಾತ್ರೆಗಳು ಒಂದು ಸೀಮೆಯ ರಕ್ತವನ್ನು ಇನ್ನೊಂದು ಸೀಮೆಗೆ ಒಯ್ಯುತ್ತಿದ್ದುವು. ಆದರೆ ಬಸವನ ಏರ್ಪಾಡಿನಲ್ಲಿಯೂ ಒಂದು ಅಪಾಯವುಂಟು. ನಾಟಿ ಕಡಸು ಮೂರು ವರ್ಷಗಳ ಸುಮಾರಿಗೆ ಬೆದೆಗೆ ಬರುವುದು. ಅದೇ ಬಸವನು ಅದೇ ಊರಿನಲ್ಲಿ ಅಷ್ಟುಕಾಲ ಕಳೆದರೆ ತನ್ನ ಹೆಣ್ಣುಮಕ್ಕಳಿಗೇ ಜೊತೆಯಾಗುವನು. ಅದಕ್ಕೆ ಮುಂಚೆಯೇ ನೆರೆಯೂರಿನೊಡನೆ ಹೋರಿಯನ್ನು ಬದಲಾಯಿಸಿಕೊಂಡರೆ ವೆಚ್ಚವಿಲ್ಲದೆ ಈ ದೋಷವು ಪರಿಹಾರವಾಗುವುದು.

ಈಗ ಟ್ರ್ಯಾಕ್ಟರು ಬಂದು ಉಳುವ ಎತ್ತಿನ ಅವಶ್ಯಕತೆಯು ಕುಗ್ಗಿದೆ; ಅದರೊಡನೆ ಬೀಜದ ಹೋರಿಯನ್ನು ಸಾಕುವವರೂ ವಿರಳರಾಗಿದ್ದಾರೆ. ಕೃತಕ ಗರ್ಭಧಾರಣೆಯಿಂದ ದೂರದ ಉತ್ತಮ ಹೋರಿಯ ಬೀಜವು ಹಳ್ಳಿಗೂ ದೊರೆಯುವುದು ಲಾಭವೇ. ಆದರೆ ಒಂದೇ ಹೋರಿಯು ಸಾವಿರಾರು ಕರುಗಳಿಗೆ ತಂದೆಯಾಗಬಲ್ಲದಾದುದರಿಂದ, ವಂಶಾವಳಿಯನ್ನು ಬರೆದಿಡದಿದ್ದರೆ ಆ ಲಾಭವೇ ನಷ್ಟಕ್ಕೆ ಕಾರಣವಾಗುವುದು. ಅಜ್ಜಂಪುರದ ಅಮೃತ ಮಹಲ್ ಕೇಂದ್ರದಲ್ಲಿಯೂ ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯ ಹಳ್ಳಿಕಾರ ಕೇಂದ್ರದಲ್ಲಿಯೂ ಶುದ್ಧ ತಳಿಗಳ ರಕ್ಷಣೆಗೆಂದು ಹಿಂಡುಗಳನ್ನು ಸಾಕಲಾಗಿದೆ. ಶುದ್ಧಿಯೆಂದರೆ ಏಕಕುಲವಲ್ಲ, ಒಂದೇ ತಳಿಯೊಳಗೆ ಅನೇಕ ಕುಲಗಳು ಬದುಕಿರುವುದೇ ಅದರ ಆರೋಗ್ಯ. ದೊಡ್ಡಿಯು ಮನುಷ್ಯರಿಗೆ ತನ್ನ ಹೆಸರನ್ನು ಕೊಟ್ಟಿತು; ಮನುಷ್ಯರು ತಮಗಾಗಿ ಎಣಿಸಿಕೊಂಡ ತಲೆಮಾರುಗಳನ್ನು ದೊಡ್ಡಿಗಾಗಿಯೂ ಎಣಿಸುವುದು ನ್ಯಾಯವಾಗಿದೆ.