ಅಪ್ಪನ ಹಳೆ ಕಾರಿಗೆ ಯಾವ ಸಲಕರಣೆ ಕೊಳ್ಳಬೇಕು?



ಆಯುಧ ಪೂಜೆಯ ದಿನ ನಿಮ್ಮ ಮನೆಯಲ್ಲೂ ಕಾರಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಕಾರು ಮುಂದೆ ಓಡಿಸುತ್ತಾರೆ ಅಲ್ಲವೇ? ಊರಿನ ಗ್ಯಾರೇಜುಗಳಲ್ಲಿ ಆ ದಿನ ಸ್ಪ್ಯಾನರು, ಸುತ್ತಿಗೆ, ಇಕ್ಕಳಗಳನ್ನೂ ಒರೆಸಿ, ಸಾಲಾಗಿ ಜೋಡಿಸಿ ಹೂವಿಟ್ಟು ಪೂಜೆ ಮಾಡುತ್ತಾರೆ. ಇವತ್ತಿನ ನಮ್ಮ ಮಾತು ಆ ಸಾಲಿನ ಬಗ್ಗೆ. ಅದರಲ್ಲಿ ಏನಿರಬೇಕು, ಏನು ಬೇಡ?

ಸರಟೋಗಾದ ನಿಮ್ಮ ಮನೆಯ ಗ್ಯಾರೇಜಿನಲ್ಲಿ ಅಪ್ಪ ಅಮ್ಮ ಈ ದೇಶಕ್ಕೆ ಬಂದ ಹೊಸತರಲ್ಲಿ ಕೊಂಡ ಕಾರೊಂದು ನಿಂತಿದೆ ಎಂದುಕೊಳ್ಳಿ. 1997ರ ಟೊಯೋಟಾ ಕೊರೊಲಾ ಎನ್ನೋಣ. ಹೆಸರು ಜಪಾನಿನದಾದರೂ ಅದು ನಮ್ಮ ಪಕ್ಕದ ಊರಿನಲ್ಲೇ ಹುಟ್ಟಿರಬಹುದು. ಫ್ರೀಮಾಂಟಿನಲ್ಲಿ ಜನರಲ್ ಮೋಟರ್ಸ್ ಮತ್ತು ಟೊಯೋಟಾ ಸೇರಿ ನಡೆಸಿದ ನ್ಯೂಮಿ ಕಾರ್ಖಾನೆಯಲ್ಲಿ 1984ರಿಂದ 2010ರವರೆಗೆ ಕಾರುಗಳು ತಯಾರಾದವು, ಕೊರೊಲಾ ಕೂಡ. ಈಗ ಅಲ್ಲಿ ಟೆಸ್ಲಾ ಇದೆ.

ಆ ಕಾರನ್ನು ನೀವೇ ಸರಿಮಾಡಲು ಹೊರಟಿರಿ. ಹೊಸಬರು ಮೊದಲು ಮಾಡುವ ತಪ್ಪೆಂದರೆ ಇನ್ನೂರು ತುಂಡಿನ ಹೊಳೆಯುವ ಟೂಲ್ ಸೆಟ್ ಕೊಳ್ಳುವುದು. ಅದರಲ್ಲಿ ಮುಕ್ಕಾಲು ಪಾಲು ಪೆಟ್ಟಿಗೆಯಿಂದ ಹೊರಗೇ ಬರುವುದಿಲ್ಲ. ಬೇಕಾದ ಒಂದೆರಡು ಮಾತ್ರ ಅದರಲ್ಲಿ ಇರುವುದಿಲ್ಲ. ಅದರ ಬದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ನನ್ನ ಪ್ರಾಣ ಕಾಯುವುದು ಯಾವುದು? ಈ ಕಾರು ಕೇಳುವುದು ಯಾವುದು? ಎರವಲು ಸಿಗುವುದು ಯಾವುದು? ದುಡ್ಡನ್ನೂ ಇದೇ ಕ್ರಮದಲ್ಲಿ ಖರ್ಚು ಮಾಡಿ.

ಮೊದಲು ಪ್ರಾಣದ ಮಾತು. ಕೊರೊಲಾ ಚಿಕ್ಕ ಕಾರೇ, ಆದರೂ ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ. ಹೈಡ್ರಾಲಿಕ್ ಜಾಕ್ ಇರುವುದು ಕಾರನ್ನು ಎತ್ತಲು ಮಾತ್ರ, ಎತ್ತಿ ಹಿಡಿದಿರಲು ಅಲ್ಲ. ಒಳಗಿನ ರಬ್ಬರ್ ಸೀಲ್ ಸೋರಿದರೆ ಕಾರು ಕೆಳಗಿಳಿಯುತ್ತದೆ. ಕಾರಿನ ಜೊತೆ ಬಂದ ಕತ್ತರಿ ಜಾಕ್ ಸ್ಟೆಪ್ನಿ ಬದಲಿಸಲಿಕ್ಕೆ ಅಷ್ಟೇ. ಕೆಳಗೆ ನುಸುಳುವ ಮುನ್ನ ಕಾರಿನ ಭಾರ ಜಾಕ್ ಸ್ಟ್ಯಾಂಡಿನ ಮೇಲೆ ಕೂತಿರಬೇಕು. ಕೂತ ಮೇಲೆ ಕಾರನ್ನು ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ.

ಸ್ಟ್ಯಾಂಡ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. 2020ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಲಕ್ಷಾಂತರ ಜಾಕ್ ಸ್ಟ್ಯಾಂಡುಗಳನ್ನು ಕಂಪನಿಯೇ ಹಿಂದಕ್ಕೆ ಕರೆಯಿತು. ಅವುಗಳ ಹಲ್ಲು ಜಾರಿ, ಭಾರ ಇದ್ದಾಗಲೇ ಕುಸಿಯುವ ಅಪಾಯವಿತ್ತು. ಯಾರಾದರೂ ಹಳೆಯದನ್ನು ಕೊಟ್ಟರೆ ಅದರ ಮೇಲಿನ ಮಾದರಿ ಸಂಖ್ಯೆ ನೋಡಿ, ರೀಕಾಲ್ ಆಗಿದೆಯೇ ಎಂದು ಪರೀಕ್ಷಿಸಿ. ಇನ್ನೊಂದು ವಿಷಯ. ಸರಟೋಗಾದ ಗುಡ್ಡದ ಕಡೆ ಮನೆಗಳ ಡ್ರೈವ್‌ವೇ ಇಳಿಜಾರಾಗಿರುತ್ತದೆ. ಅಲ್ಲಿ ಕಾರು ಎತ್ತಬೇಡಿ, ಗ್ಯಾರೇಜಿನ ಸಮತಟ್ಟಾದ ಕಾಂಕ್ರೀಟಿನ ಮೇಲೆ ಎತ್ತಿ. ನೆಲದ ಮೇಲಿರುವ ಚಕ್ರಗಳಿಗೆ ಅಡ್ಡ ಕೊಡಿ. ಊರಿನಲ್ಲಿ ಘಾಟಿಯಲ್ಲಿ ಲಾರಿ ನಿಂತರೆ ಕ್ಲೀನರ್ ಮೊದಲು ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಇದೂ ಅದೇ ಕೆಲಸ.

ಎರಡನೆಯದು, ಕಾರು ಏನು ಕೇಳುತ್ತದೆ? ಅಪ್ಪ ಸ್ಪ್ಯಾನರ್ ಅನ್ನುತ್ತಾರೆ, ಹುಬ್ಬಳ್ಳಿ ಕಡೆಯ ಮಾವ ಪಾನಾ ಅನ್ನುತ್ತಾರೆ, ಇಲ್ಲಿನ ಅಂಗಡಿಯವರು ರೆಂಚ್ ಅನ್ನುತ್ತಾರೆ. ಹೆಸರು ಏನಾದರೂ ಇರಲಿ, ಅಳತೆ ಮಾತ್ರ ತಪ್ಪಬಾರದು. ಟೊಯೋಟಾದಲ್ಲಿ ಹೆಚ್ಚಾಗಿ ಕಾಣುವುದು 10, 12, 14, 17 ಮಿಲಿಮೀಟರ್ ಬೋಲ್ಟುಗಳು. ಚಕ್ರದ ನಟ್ಟಿಗೆ 21. ಜರ್ಮನ್ ಕಾರಾದರೆ 13 ಬೇಕೇ ಬೇಕು. 1960ರ ದಶಕದ ಅಮೆರಿಕನ್ ಕಾರಾದರೆ ಇಂಚಿನ ಲೆಕ್ಕ.

ಹತ್ತಿರದ ಅಳತೆ ಸಾಕು ಎಂದುಕೊಂಡರೆ ಕೆಟ್ಟಿರಿ. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. ನಾನು ಒಮ್ಮೆ ಅವಸರದಲ್ಲಿ ಅರ್ಧ ಇಂಚಿನ ಸ್ಪ್ಯಾನರನ್ನು 12ರ ಬೋಲ್ಟಿಗೆ ಹಾಕಿ ತಿರುಗಿಸಿದೆ. ಬೋಲ್ಟ್ ಅಲುಗಲಿಲ್ಲ, ಅದರ ಮೂಲೆಗಳು ಮಾತ್ರ ಸವೆದು ದುಂಡಗಾದವು. ಹತ್ತು ನಿಮಿಷದ ಕೆಲಸ ಎರಡು ಶನಿವಾರ ತಿಂದಿತು. ಹಾಗಾಗಿ ಸಾಕೆಟ್ ಕೊಳ್ಳುವಾಗ ಒಳಗೆ ಆರು ಮೂಲೆ ಇರುವುದನ್ನೇ ಆರಿಸಿ. ಹನ್ನೆರಡು ಮೂಲೆಯದಕ್ಕಿಂತ ಅದು ತುಕ್ಕು ಹಿಡಿದ ಬೋಲ್ಟನ್ನು ಗಟ್ಟಿಯಾಗಿ ಹಿಡಿಯುತ್ತದೆ.

ಸ್ಕ್ರೂಡ್ರೈವರಿನಲ್ಲೂ ಒಂದು ಗುಟ್ಟಿದೆ. ಜಪಾನೀ ಹಳೆ ಕಾರುಗಳ ಪ್ಲಸ್ ಆಕಾರದ ಸ್ಕ್ರೂಗಳು ಫಿಲಿಪ್ಸ್‌ನಂತೆ ಕಂಡರೂ ಫಿಲಿಪ್ಸ್ ಅಲ್ಲ. ಅವು ಜೆಐಎಸ್ ಎಂಬ ಜಪಾನೀ ಮಾನದಂಡದವು. ಅನೇಕ ಸ್ಕ್ರೂಗಳ ತಲೆಯ ಮೇಲೆ ಪುಟ್ಟ ಚುಕ್ಕೆ ಇರುತ್ತದೆ. ಫಿಲಿಪ್ಸ್ ಹಾಕಿದರೆ ತುದಿ ಮೇಲಕ್ಕೆ ಜಾರಿ ತಲೆ ಕೆಡುತ್ತದೆ. ಜೆಐಎಸ್ ಡ್ರೈವರ್ ಒಂದೆರಡು ಕೊಂಡಿಟ್ಟರೆ ಈ ಕಾಟ ತಪ್ಪುತ್ತದೆ.

ಬಿಚ್ಚುವುದಷ್ಟೇ ಮುಖ್ಯ ಮತ್ತೆ ಬಿಗಿಯುವುದು. ಅದಕ್ಕೆ ಟಾರ್ಕ್ ರೆಂಚ್ ಬೇಕು. ಈ ಕೊರೊಲಾದ ಚಕ್ರದ ನಟ್ಟಿಗೆ 103 ನ್ಯೂಟನ್ ಮೀಟರ್, ಅಂದರೆ 76 ಪೌಂಡ್ ಫುಟ್. ರೆಂಚಿನ ಮೇಲೆ ಎರಡೂ ಅಳತೆ ಅಕ್ಕಪಕ್ಕ ಇರುತ್ತವೆ. 103 ಅನ್ನು ಪೌಂಡಿನ ಸಾಲಿನಲ್ಲಿ ಇಟ್ಟರೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬಿಗಿಯಾಗಿ, ಬೋಲ್ಟು ಕೆಡಬಹುದು. ಹಾಗಾಗಿ ನಿಮ್ಮ ಕಾರಿನ ರಿಪೇರಿ ಪುಸ್ತಕವನ್ನೂ ಸಲಕರಣೆ ಎಂದೇ ಲೆಕ್ಕ ಹಾಕಿ. ಕಾರಿನ ವರ್ಷ ಹೇಳಿ ಸರಟೋಗಾ ಗ್ರಂಥಾಲಯದಲ್ಲಿ ಮೊದಲು ವಿಚಾರಿಸಿ.

1996ರ ನಂತರದ ಕಾರುಗಳಿಗೆ ಪುಟ್ಟ ಕೋಡ್ ರೀಡರ್ ಕೂಡ ಕೊಳ್ಳಿ. ಆ ವರ್ಷದಿಂದ ಅಮೆರಿಕದ ಎಲ್ಲ ಹೊಸ ಕಾರುಗಳಲ್ಲೂ ಒಂದೇ ಬಗೆಯ ಓಬಿಡಿ-2 ಸಾಕೆಟ್ ಇದೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಳೆಯ ಪೆಟ್ರೋಲ್ ಕಾರಿಗೆ ಸ್ಮಾಗ್ ಪರೀಕ್ಷೆ ಇಲ್ಲ. ನಿಮ್ಮ 1997ರ ಕಾರಿಗೆ ಎರಡು ವರ್ಷಕ್ಕೊಮ್ಮೆ ಇದೆ. ಚೆಕ್ ಎಂಜಿನ್ ದೀಪ ಏಕೆ ಉರಿಯುತ್ತಿದೆ ಎಂದು ಮನೆಯಲ್ಲೇ ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಮೂರನೆಯದು ಎರವಲು. ಬರ್ಕ್ಲಿಯ ಸಾರ್ವಜನಿಕ ಗ್ರಂಥಾಲಯ 1979ರಿಂದ ತನ್ನ ಊರಿನವರಿಗೆ ಪುಸ್ತಕದಂತೆಯೇ ಸಲಕರಣೆಗಳನ್ನೂ ಎರವಲು ಕೊಡುತ್ತಿದೆ. ನಮ್ಮ ಕಡೆ ಆಟೋಜೋನ್, ಓರೈಲಿಯಂಥ ಬಿಡಿಭಾಗದ ಅಂಗಡಿಗಳಲ್ಲಿ ಠೇವಣಿ ಕಟ್ಟಿ ತರಬಹುದು. ಹಿಂದಿರುಗಿಸಿದರೆ ಆ ಹಣ ವಾಪಸ್. ಸ್ಪ್ರಿಂಗ್ ಕಂಪ್ರೆಸರ್, ಬಾಲ್ ಜಾಯಿಂಟ್ ಪ್ರೆಸ್ ಇಂಥವು ವರ್ಷಕ್ಕೊಮ್ಮೆಯೂ ಬೇಕಾಗುವುದಿಲ್ಲ, ಕೊಳ್ಳಬೇಡಿ. ಸ್ಪ್ರಿಂಗ್ ಕೆಲಸವನ್ನಂತೂ ಬಲ್ಲವರು ಪಕ್ಕದಲ್ಲಿಲ್ಲದೆ ಮುಟ್ಟಲೇಬೇಡಿ. ಕ್ರಮವಾಗಿ ಕಲಿಯಬೇಕೆಂದರೆ ಕುಪರ್ಟಿನೋದ ಡಿ ಆಂಜಾ ಕಾಲೇಜಿನಲ್ಲಿ ಆಟೋಮೋಟಿವ್ ವಿಭಾಗವೇ ಇದೆ.

ಒಂದು ಅಗಲವಾದ ಆಯಿಲ್ ತಟ್ಟೆ, ಮುಚ್ಚಳವಿರುವ ಡಬ್ಬಿ ಮರೆಯಬೇಡಿ. ಬೀದಿಯ ಮಳೆನೀರಿನ ಚರಂಡಿ ಶುದ್ಧೀಕರಣ ಘಟಕಕ್ಕೆ ಹೋಗುವುದಿಲ್ಲ, ನೇರವಾಗಿ ಹಳ್ಳ ಸೇರಿ ಕೊಲ್ಲಿಗೆ ಹರಿಯುತ್ತದೆ. ಹಳೆಯ ಆಯಿಲನ್ನು ಸಂಗ್ರಹ ಕೇಂದ್ರಗಳು ಉಚಿತವಾಗಿ ತೆಗೆದುಕೊಳ್ಳುತ್ತವೆ.

ಕೊನೆಯದಾಗಿ, ಒಬ್ಬರೇ ಇರುವಾಗ ಕಾರಿನ ಕೆಳಗೆ ಹೋಗಬೇಡಿ. ಅಪ್ಪನನ್ನೋ ಅಮ್ಮನನ್ನೋ ಕರೆದು ಟಾರ್ಚ್ ಹಿಡಿಯಲು ಹೇಳಿ. ಮೊದಲ ಸಲ ಈ ಕಾರಿನಲ್ಲಿ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿ. ಅವರು ಕನ್ನಡದಲ್ಲೇ ಉತ್ತರ ಹೇಳುತ್ತಾರೆ, ಕೆಲಸ ಸ್ವಲ್ಪ ನಿಧಾನವಾಗುತ್ತದೆ. ಆಗಲಿ ಬಿಡಿ. ಮುಂದಿನ ಆಯುಧ ಪೂಜೆಗೆ ನಿಮ್ಮ ಸಲಕರಣೆಗಳ ಸಾಲು ಚಿಕ್ಕದಾಗಿರಲಿ, ಆದರೆ ಪ್ರತಿಯೊಂದೂ ಕೆಲಸ ಮಾಡಿ ಸವೆದದ್ದಾಗಿರಲಿ.