ದಾರಿ ತೋರುವ ಯಂತ್ರಗಳು

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ಬಸವೇಶ್ವರನಗರದಲ್ಲಿ ಹೊಸಬರು ಒಂದು ಮನೆಯನ್ನು ಹುಡುಕಿ ತಲುಪುವುದು ಸುಲಭವಾದ ಕೆಲಸವಲ್ಲ. ವಿಳಾಸವೇನೋ ಸ್ಪಷ್ಟವಾಗಿಯೇ ಇರುತ್ತದೆ: ಇಂಥ ಹಂತ, ಇಂಥ ಬ್ಲಾಕು, ಇಂಥ ಮುಖ್ಯರಸ್ತೆ, ಇಂಥ ಅಡ್ಡರಸ್ತೆ. ಆದರೆ ಅದೇ ಸಂಖ್ಯೆಯ ಅಡ್ಡರಸ್ತೆ ನೆರೆಯ ರಾಜಾಜಿನಗರದಲ್ಲಿಯೂ ಉಂಟು, ವಿಜಯನಗರದಲ್ಲಿಯೂ ಉಂಟು. ಸಿದ್ದಯ್ಯ ಪುರಾಣಿಕ ರಸ್ತೆ, ಹಾವನೂರು ವೃತ್ತ ಎಂಬಂತಹ ಹೆಸರುಳ್ಳ ಎಡೆಗಳು ನೆನಪಿನಲ್ಲಿ ನಿಲ್ಲುತ್ತವೆ. ಬರಿಯ ಅಂಕಿಗಳ ರಸ್ತೆಗಳು ನಿಲ್ಲುವುದಿಲ್ಲ. ಹಗಲಿನಲ್ಲಾದರೆ ಅಂಗಡಿಯವರನ್ನು ಕೇಳಬಹುದು. ನಡುರಾತ್ರಿಯಲ್ಲಿ ಎದೆನೋವಿನಿಂದ ನರಳುತ್ತಿರುವವರ ಮನೆಗೆ ಬರಬೇಕಾದ ಆಂಬುಲೆನ್ಸು ಒಂದು ಅಡ್ಡರಸ್ತೆಯನ್ನು ತಪ್ಪಿದರೆ, ಕಳೆದುಹೋದ ಹತ್ತು ನಿಮಿಷಗಳನ್ನು ಯಾರೂ ಮರಳಿ ತಂದುಕೊಡಲಾರರು.

ಈ ತೊಡಕನ್ನು ನೀಗಲು ಇಂದು ಎರಡು ಬಗೆಯ ಉಪಕರಣಗಳಿವೆ. ಒಂದು, ದಾರಿ ತೋರುವುದಕ್ಕೆಂದೇ ತಯಾರಾಗಿ ಕಾರಿನ ಮುಂಗಾಜಿನ ಬಳಿ ಕುಳಿತುಕೊಳ್ಳುವ ಜಿಪಿಎಸ್ ಪೆಟ್ಟಿಗೆ. ಇನ್ನೊಂದು, ಈಗ ಬಹುಮಂದಿಯ ಜೇಬಿನಲ್ಲಿರುವ ಸ್ಮಾರ್ಟ್‌ಫೋನು. ಇವುಗಳಲ್ಲಿ ಯಾವುದನ್ನು ನೆಚ್ಚಬೇಕು? ಬೆಲೆಯನ್ನು ಹೋಲಿಸಿ ಉತ್ತರ ಹೇಳುವವರೇ ಹೆಚ್ಚು. ಅವು ಕೆಲಸ ಮಾಡುವ ರೀತಿಯನ್ನು ಅರಿಯದೆ ಹೇಳಿದ ಉತ್ತರವು ನಡುದಾರಿಯಲ್ಲಿ ಕೈಕೊಡುವುದುಂಟು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಕಳೆದುಕೊಳ್ಳೋಣ. ಇಂಟರ್‌ನೆಟ್ಟಿನ ಸಂಪರ್ಕ ಇಲ್ಲದಿದ್ದರೆ, ತಾನು ಎಲ್ಲಿದ್ದೇನೆಂಬುದು ಫೋನಿಗೆ ತಿಳಿಯಲಾರದೆಂದು ಹಲವರು ನಂಬಿದ್ದಾರೆ. ಇದು ನಿಜವಲ್ಲ. ಪೆಟ್ಟಿಗೆಯೇ ಆಗಲಿ, ಫೋನೇ ಆಗಲಿ, ತನ್ನ ಸ್ಥಾನವನ್ನು ಅರಿಯುವುದು ಆಕಾಶದಲ್ಲಿರುವ ಉಪಗ್ರಹಗಳಿಂದ. ಅಮೆರಿಕದ ರಕ್ಷಣಾ ಇಲಾಖೆಯು ತನ್ನ ಸೈನ್ಯಕ್ಕಾಗಿ ಈ ಏರ್ಪಾಟನ್ನು ರೂಪಿಸಿತು. ಅದರ ಮೊದಲ ಉಪಗ್ರಹ 1978ರಲ್ಲಿ ಮೇಲೇರಿತು. ಇಡೀ ವ್ಯವಸ್ಥೆಯು ಪೂರ್ಣಗೊಂಡದ್ದು 1995ರಲ್ಲಿ. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಈ ಉಪಗ್ರಹಗಳು ದಿನಕ್ಕೆ ಎರಡು ಬಾರಿ ಭೂಮಿಯನ್ನು ಸುತ್ತುತ್ತವೆ. ಪ್ರತಿಯೊಂದರ ಒಡಲಿನಲ್ಲಿಯೂ ಪರಮಾಣು ಗಡಿಯಾರಗಳಿವೆ. ‘ನಾನು ಇಂಥ ಉಪಗ್ರಹ, ಇಂಥ ಎಡೆಯಲ್ಲಿದ್ದೇನೆ, ಈಗ ಇಷ್ಟು ಹೊತ್ತು’ ಎಂಬ ಸಂದೇಶವನ್ನು ಅವು ರೇಡಿಯೋ ಅಲೆಗಳ ಮೂಲಕ ಎಡೆಬಿಡದೆ ಸಾರುತ್ತಿರುತ್ತವೆ.

ರೇಡಿಯೋ ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಸಂದೇಶ ಹೊರಟ ಹೊತ್ತಿಗೂ ಅದು ನಮ್ಮನ್ನು ಮುಟ್ಟಿದ ಹೊತ್ತಿಗೂ ಇರುವ ಅಂತರವನ್ನು ಲೆಕ್ಕ ಹಾಕಿದರೆ ಉಪಗ್ರಹ ಎಷ್ಟು ದೂರದಲ್ಲಿದೆಯೆಂಬುದು ತಿಳಿಯುತ್ತದೆ. ಮೂರು ಉಪಗ್ರಹಗಳ ದೂರ ತಿಳಿದರೆ ನಮ್ಮ ಸ್ಥಾನವನ್ನು ಗುರುತಿಸಬಹುದು. ಆದರೆ ನಮ್ಮ ಕೈಯಲ್ಲಿರುವ ಉಪಕರಣದ ಗಡಿಯಾರ ಅಗ್ಗದ್ದು. ಅದು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದ ಲೆಕ್ಕ 300 ಮೀಟರು ತಪ್ಪುತ್ತದೆ. ಬಸವೇಶ್ವರನಗರದಲ್ಲಿ 300 ಮೀಟರು ಎಂದರೆ ಹಲವು ಅಡ್ಡರಸ್ತೆಗಳು! ಆ ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿ ನಾಲ್ಕನೆಯ ಉಪಗ್ರಹವೊಂದು ಬೇಕಾಗುತ್ತದೆ. 2000ದ ಮೇ ತಿಂಗಳವರೆಗೆ ಅಮೆರಿಕವು ಸೈನಿಕರಲ್ಲದವರಿಗೆ ದೊರೆಯುವ ಸಂದೇಶವನ್ನು ಬೇಕೆಂದೇ ಕೆಡಿಸುತ್ತಿತ್ತು. ಆಗ ಸ್ಥಾನವು ನೂರು ಮೀಟರಿನಷ್ಟು ಆಚೀಚೆ ಆಗುತ್ತಿತ್ತು. ಆ ತಡೆಯನ್ನು ತೆಗೆದ ಮೇಲೆಯೇ ಕಾರಿನಲ್ಲಿ ಕುಳಿತವನಿಗೆ ‘ಇಲ್ಲಿ ಎಡಕ್ಕೆ ತಿರುಗು’ ಎಂದು ಹೇಳುವ ಯಂತ್ರಗಳು ಹೆಚ್ಚಾಗಿ ಬಳಕೆಗೆ ಬಂದವು.

ಅನ್ಯರ ಗಡಿಯಾರವನ್ನೇ ನಂಬಿ ಎಷ್ಟು ಕಾಲ ಇರಲಾದೀತು? ನಮ್ಮ ದೇಶವೂ 2013ರಿಂದ 2016ರವರೆಗೆ ಏಳು ಉಪಗ್ರಹಗಳನ್ನು ಹಾರಿಸಿ, ತನ್ನದೇ ಆದ ವ್ಯವಸ್ಥೆಯನ್ನು ಕಟ್ಟಿ, ಅದಕ್ಕೆ ‘ನಾವಿಕ್’ ಎಂದು ಹೆಸರಿಟ್ಟಿತು. ಕೆಂಗೇರಿಯನ್ನು ದಾಟಿ ಮುಂದೆ ಸಾಗಿದರೆ ಬ್ಯಾಲಾಳು ಎಂಬ ಗ್ರಾಮವಿದೆ. ಇಸ್ರೋ ಸಂಸ್ಥೆಯು ಈ ಉಪಗ್ರಹಗಳಿಗಾಗಿ ಸ್ಥಾಪಿಸಿದ ಕೇಂದ್ರ 2013ರಲ್ಲಿ ಪ್ರಾರಂಭವಾದದ್ದು ಅಲ್ಲಿಯೇ. ನಮ್ಮ ಬಡಾವಣೆಗಳಿಂದ ಬಹು ದೂರವೇನೂ ಇಲ್ಲ. ಆದರೆ ಮೊದಲ ಉಪಗ್ರಹದಲ್ಲಿದ್ದ ಪರದೇಶದ ಗಡಿಯಾರಗಳು ಕೆಟ್ಟುಹೋದವು. ನಮ್ಮವರೇ ತಯಾರಿಸಿದ ಪರಮಾಣು ಗಡಿಯಾರವನ್ನು ಹೊತ್ತ ಉಪಗ್ರಹ ಮೇಲೇರಿದ್ದು 2023ರ ಮೇ 29ರಂದು. ಸಾಮಾನ್ಯ ಫೋನುಗಳು ಆಲಿಸಬಲ್ಲ ಎಲ್1 ಎಂಬ ಅಲೆಪಟ್ಟಿಯನ್ನೂ ಅದರಲ್ಲಿ ಸೇರಿಸಲಾಯಿತು.

ಇಷ್ಟರಿಂದ ಒಂದು ಸಂಗತಿ ತಿಳಿಯುತ್ತದೆ. ಉಪಗ್ರಹದ ಮಾತನ್ನು ಕೇಳುವುದರಲ್ಲಿ ಪೆಟ್ಟಿಗೆಗೂ ಫೋನಿಗೂ ಮೂಲಭೂತವಾದ ವ್ಯತ್ಯಾಸವಿಲ್ಲ. ಕೇಳುವುದಕ್ಕೆ ಇಬ್ಬರಿಗೂ ಇಂಟರ್‌ನೆಟ್ಟು ಬೇಡ, ಹಣವೂ ಬೇಡ. ಸ್ಥಾನ ತಿಳಿಯುವುದು ಬೇರೆ, ದಾರಿ ತಿಳಿಯುವುದು ಬೇರೆ. ದಾರಿ ತಿಳಿಯಬೇಕಾದರೆ ನಕ್ಷೆ ಬೇಕು. ಆ ನಕ್ಷೆಯನ್ನು ಎಲ್ಲಿ ಇಟ್ಟಿದ್ದಾರೆ, ಅದು ಎಂದಿನದು ಎಂಬುದರಲ್ಲಿಯೇ ಇವೆರಡರ ಭೇದವೆಲ್ಲ ಅಡಗಿದೆ.

ಪೆಟ್ಟಿಗೆಯು ತನ್ನ ನಕ್ಷೆಯನ್ನು ಒಡಲಿನಲ್ಲಿಯೇ ಇಟ್ಟುಕೊಂಡಿರುತ್ತದೆ. ಫೋನು ಸಾಮಾನ್ಯವಾಗಿ ಆಯಾ ಗಳಿಗೆಗೆ ಬೇಕಾದ ನಕ್ಷೆಯನ್ನು ದೂರದ ಗಣಕಯಂತ್ರದಿಂದ ತರಿಸಿಕೊಳ್ಳುತ್ತದೆ. ಗೂಗಲ್ ಸಂಸ್ಥೆಯು 2009ರ ಅಕ್ಟೋಬರಿನಲ್ಲಿ ಫೋನಿನಲ್ಲಿಯೇ ತಿರುವು ತಿರುವಿಗೂ ದಾರಿ ಹೇಳುವ ಸೌಲಭ್ಯವನ್ನು ಬಿಟ್ಟಿಯಾಗಿ ಕೊಡುವುದಾಗಿ ಸಾರಿದ ದಿನ, ಪೆಟ್ಟಿಗೆಗಳನ್ನು ತಯಾರಿಸುತ್ತಿದ್ದ ಗಾರ್ಮಿನ್, ಟಾಮ್‌ಟಾಮ್ ಕಂಪನಿಗಳ ಷೇರುಗಳ ಬೆಲೆ ಒಮ್ಮೆಲೇ ಕುಸಿಯಿತು. ವ್ಯಾಪಾರಿಗಳಿಗೆ ಅಂದೇ ತಿಳಿದುಹೋಗಿತ್ತು, ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು.

ನಗರದೊಳಗೆ ಫೋನಿನದೇ ಮೇಲುಗೈ ಎಂಬುದರಲ್ಲಿ ಸಂದೇಹವಿಲ್ಲ. ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯನ್ನೇ ನೋಡಿ. ಅದರೊಳಗಿನ ಕೇಬಲ್ಲುಗಳಲ್ಲಿ ದೋಷ ಕಂಡುಬಂದುದರಿಂದ 2021ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಮಾತ್ರ ತೆರೆದರು. ಅದಕ್ಕೂ ಹಿಂದಿನ ವರ್ಷದ ನಕ್ಷೆಯನ್ನು ಹೊತ್ತ ಪೆಟ್ಟಿಗೆಗೆ ಇದೊಂದೂ ಗೊತ್ತಿಲ್ಲ. ಅದು ಸೇತುವೆಯನ್ನೇರಲು ನಿಶ್ಚಿಂತೆಯಿಂದ ಹೇಳುತ್ತಲೇ ಇರುತ್ತದೆ. ಫೋನಾದರೋ ಮುಂದಿರುವ ವಾಹನಗಳಲ್ಲಿನ ಫೋನುಗಳ ಚಲನೆಯಿಂದ ದಟ್ಟಣೆಯನ್ನು ಅರಿಯುತ್ತದೆ. ನೂರಾರು ಫೋನುಗಳು ಒಂದೇ ಎಡೆಯಲ್ಲಿ ತೆವಳುತ್ತಿದ್ದರೆ, ಅಲ್ಲಿ ರಸ್ತೆ ಕಟ್ಟಿಕೊಂಡಿದೆಯೆಂದು ತಿಳಿದು ಬೇರೆ ದಾರಿಯನ್ನು ಸೂಚಿಸುತ್ತದೆ. ಪೆಟ್ಟಿಗೆ ಕೇಳುವ ಕಿವಿ ಮಾತ್ರ. ಫೋನು ಕಿವಿಯೂ ಹೌದು, ಬಾಯಿಯೂ ಹೌದು. ನಮಗೆ ದಟ್ಟಣೆಯ ಸುದ್ದಿ ಹೇಳುವಾಗಲೇ ನಾವೆಲ್ಲಿ ಹೋಗುತ್ತಿದ್ದೇವೆಂಬ ಸುದ್ದಿಯನ್ನೂ ಅದು ಮತ್ತೊಬ್ಬರಿಗೆ ಮುಟ್ಟಿಸುತ್ತಿರುತ್ತದೆ. ಇದು ಬಿಟ್ಟಿಯ ಸೇವೆಗೆ ನಾವು ತೆರುವ ಬೆಲೆ; ಹಲವರಿಗೆ ಇದರ ಅರಿವೇ ಇಲ್ಲ.

ಅಂಕಿಗಳ ವಿಳಾಸದ ತೊಡಕಿಗೂ ಫೋನಿನಲ್ಲಿ ಪರಿಹಾರವಿದೆ. ಮನೆಯಲ್ಲಿರುವವರು ತಾವಿರುವ ಬಿಂದುವನ್ನೇ ಬರಬೇಕಾದವರಿಗೆ ಕಳುಹಿಸಬಹುದು. ಹಂತ, ಬ್ಲಾಕು, ಅಡ್ಡರಸ್ತೆಗಳ ಗೊಂದಲವೇ ಅಲ್ಲಿ ಏಳುವುದಿಲ್ಲ. ಮನೆಯ ಹಿರಿಯರಿಗೆ ಇದೊಂದನ್ನು ಕಲಿಸಿಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ. ಅಲ್ಲದೆ 2021ರಿಂದ ಗೂಗಲ್ ನಕ್ಷೆಯಲ್ಲಿ ಸ್ಥಳನಾಮಗಳನ್ನು ಕನ್ನಡ ಲಿಪಿಗೆ ತಿರುಗಿಸಿಕೊಡುವ ಏರ್ಪಾಟೂ ಉತ್ತಮಗೊಂಡಿತು. ಯಂತ್ರದ ಕನ್ನಡವು ಕೆಲವೊಮ್ಮೆ ನಗು ತರಿಸುವುದಾದರೂ ದಾರಿ ತಪ್ಪಿಸುವುದಿಲ್ಲ.

ಎರಡಕ್ಕೂ ಸಮಾನವಾದ ಕುಂದುಗಳೂ ಇವೆ. ಎತ್ತರದ ಕಟ್ಟಡಗಳ ನಡುವೆ ಅಲೆಗಳು ಗೋಡೆಗೆ ತಾಗಿ ಮರಳುವುದರಿಂದ ಲೆಕ್ಕ ತಪ್ಪುತ್ತದೆ. ನಾವು ಮೇಲ್ಸೇತುವೆಯ ಮೇಲಿದ್ದೇವೆಯೋ ಅದರ ಕೆಳಗಿನ ರಸ್ತೆಯಲ್ಲಿದ್ದೇವೆಯೋ ಎಂದು ಗುರುತಿಸಲು ಯಂತ್ರಗಳು ತಡವರಿಸುತ್ತವೆ. ಅಂತಹ ಎಡೆಗಳಲ್ಲಿ ರಸ್ತೆಯ ಫಲಕವನ್ನು ಕಣ್ಣಿನಿಂದ ಓದಿಕೊಳ್ಳುವುದೇ ಲೇಸು.

ಆದರೆ ಊರು ಬಿಟ್ಟು ಘಟ್ಟವನ್ನು ಇಳಿಯತೊಡಗಿದಾಗ ಸ್ಥಿತಿ ಬದಲಾಗುತ್ತದೆ. ಬಸವೇಶ್ವರನಗರದಿಂದ ಹಬ್ಬಕ್ಕೋ ಹರಕೆಗೋ ಕರಾವಳಿಗೆ ಹೋಗುವ ಸಂಸಾರಗಳು ಅನೇಕ. ಸಕಲೇಶಪುರದಾಚೆಯ ಶಿರಾಡಿಯಲ್ಲಿಯೂ ಕೊಟ್ಟಿಗೆಹಾರದಾಚೆಯ ಚಾರ್ಮಾಡಿಯಲ್ಲಿಯೂ ಮೊಬೈಲಿನ ಸಂಕೇತ ಮೈಲಿಗಟ್ಟಲೆ ಇಲ್ಲವಾಗುವುದುಂಟು. ಸಂಕೇತ ಹೋದೊಡನೆ ಫೋನಿಗೆ ಹೊಸ ನಕ್ಷೆ ಬರುವುದು ನಿಲ್ಲುತ್ತದೆ. ಪರದೆಯ ಮೇಲೆ ನೀಲಿಯ ಚುಕ್ಕೆಯೇನೋ ಚಲಿಸುತ್ತಿರುತ್ತದೆ, ಸುತ್ತಲೂ ಬರಿಯ ಬಯಲು! ಸ್ಥಾನ ತಿಳಿದಿದೆ, ದಾರಿ ತಿಳಿಯದು. ಪೆಟ್ಟಿಗೆಯಾದರೆ ಅಲ್ಲಿಯೂ ವಿಚಲಿತವಾಗದೆ ದಾರಿ ಹೇಳುತ್ತದೆ. ಹಾಗೆಂದು ಅದು ಹೇಳುವುದೆಲ್ಲ ಸರಿಯೆಂದಲ್ಲ. 2018ರ ಆಗಸ್ಟಿನ ಮಳೆಗೆ ಶಿರಾಡಿಯಲ್ಲಿಯೂ 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿಯೂ ಗುಡ್ಡ ಕುಸಿದು ಸಂಚಾರ ನಿಂತಿತು. ಒಡಲಿನ ನಕ್ಷೆಯೊಂದನ್ನೇ ನಂಬುವ ಪೆಟ್ಟಿಗೆಗೆ ಅಂತಹ ಸುದ್ದಿ ಮುಟ್ಟಲು ಮಾರ್ಗವಿಲ್ಲ. ಹೊರಡುವ ಮುನ್ನ ಪತ್ರಿಕೆಯನ್ನೋ ಪೊಲೀಸರ ಪ್ರಕಟಣೆಯನ್ನೋ ನೋಡಿದವನಿಗೆ ಮಾತ್ರ ಅದು ತಿಳಿದೀತು.

ಹಾಗಾದರೆ ಘಟ್ಟಕ್ಕಾಗಿ ಬೇರೊಂದು ಪೆಟ್ಟಿಗೆಯನ್ನು ಕೊಳ್ಳಬೇಕೆ? ವರ್ಷಕ್ಕೆ ಎರಡು ಮೂರು ಬಾರಿ ಹೋಗಿಬರುವ ಸಂಸಾರಕ್ಕೆ ಅದರ ಅಗತ್ಯವಿಲ್ಲವೆಂದೇ ನನ್ನ ಅಭಿಪ್ರಾಯ. ಫೋನಿನಲ್ಲಿಯೂ ಒಂದು ಸೀಮೆಯ ನಕ್ಷೆಯನ್ನು ಮೊದಲೇ ಇಳಿಸಿ ಇಟ್ಟುಕೊಳ್ಳಬಹುದು. ಹಾಗೆ ಮಾಡಿದರೆ ಫೋನೇ ಪೆಟ್ಟಿಗೆಯ ಕೆಲಸವನ್ನು ಮಾಡುತ್ತದೆ. ಸಂಕೇತವೇ ಇಲ್ಲದ ಕಾಡುಗಳಲ್ಲಿ ದಿನಗಟ್ಟಲೆ ಕೆಲಸ ಮಾಡುವವರು, ಚಾರಣಿಗರು, ಇಂಥವರ ಮಾತು ಬೇರೆ. ಬೇಗ ಬ್ಯಾಟರಿ ಮುಗಿಯದ, ಮಳೆಗೆ ಅಂಜದ ಉಪಕರಣ ಅವರಿಗೆ ಬೇಕೇ ಬೇಕು. ಬಹುದಿನ ಮೂಲೆಯಲ್ಲಿಟ್ಟ ಪೆಟ್ಟಿಗೆಯನ್ನು ಬಳಸುವ ಮುನ್ನ ಬಯಲಿನಲ್ಲಿ ಸ್ವಲ್ಪ ಹೊತ್ತು ಇಡಬೇಕು. ಉಪಗ್ರಹದ ಮಾತು ಬಹಳ ನಿಧಾನ. ಎಲ್ಲ ಉಪಗ್ರಹಗಳ ಪಂಚಾಂಗವನ್ನು ಅದು ಹೇಳಿ ಮುಗಿಸಲು ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ. ಫೋನು ಅಂತಹ ವಿವರಗಳನ್ನು ಮೊಬೈಲಿನ ಜಾಲದಿಂದ ಕ್ಷಣದಲ್ಲಿ ಪಡೆಯುವುದರಿಂದಲೇ ಅಷ್ಟು ಬೇಗ ಸಿದ್ಧವಾಗುವುದು.

ಫೋನನ್ನೇ ಆರಿಸಿಕೊಂಡವರು ಅದನ್ನು ಕೈಯಲ್ಲಿ ಹಿಡಿದು ವಾಹನ ನಡೆಸಬಾರದು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದಂತೆ, ಚಾಲಕನ ಗಮನ ಕೆಡದ ರೀತಿಯಲ್ಲಿ ದಾರಿ ನೋಡಲು ಮಾತ್ರ ಅದನ್ನು ಬಳಸಬಹುದು. ಮುಂದೆ ಗಟ್ಟಿಯಾದ ಹಿಡಿಕೆಯೊಂದನ್ನು ಜೋಡಿಸಿ, ನೇರ ಬಿಸಿಲು ತಾಗದ ಎಡೆಯಲ್ಲಿ ಫೋನನ್ನಿರಿಸಿ, ಕಾರಿನಿಂದಲೇ ಅದಕ್ಕೆ ವಿದ್ಯುತ್ತು ದೊರೆಯುವಂತೆ ಮಾಡಬೇಕು. ಬಿಸಿಲಿಗೆ ಕಾದ ಫೋನು ತನ್ನಷ್ಟಕ್ಕೆ ತಾನೇ ಆರಿಹೋಗುತ್ತದೆ. ಘಟ್ಟದ ದಾರಿಯಾದರೆ ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿಯೇ ಹಾಸನ, ಸಕಲೇಶಪುರ, ಪುತ್ತೂರು ಸೀಮೆಗಳ ನಕ್ಷೆಯನ್ನು ಇಳಿಸಿಕೊಂಡು, ಹಳೆಯದು ಇದ್ದರೆ ಹೊಸದು ಮಾಡಿಕೊಂಡು, ಒಮ್ಮೆ ಇಂಟರ್‌ನೆಟ್ಟನ್ನು ನಿಲ್ಲಿಸಿ ದಾರಿ ಕಾಣುತ್ತದೆಯೇ ಎಂದು ಪರೀಕ್ಷಿಸಿ ನೋಡಬೇಕು. ಇದಕ್ಕೆ ಹಿಡಿಯುವ ಹೊತ್ತು ಕೆಲವೇ ನಿಮಿಷಗಳು.